ಭುಜದ ಟೆಂಡನ್ ಹರಿದಿದೆ ಎಂದು ಎಂಆರ್‌ಐ ಬಂದಿದೆ: ಆಪರೇಷನ್ ಇಲ್ಲದೆ ಮತ್ತೆ ರೊಟ್ಟಿ ಬಡಿಯಬಹುದೇ?

ಪ್ರಶ್ನೆ: ನನಗ 54 ವರ್ಷ ರೀ. ಜಮಖಂಡಿಯೊಳಗ ಮನ್ಯಾಗ ರೊಟ್ಟಿ ಮಾಡಿ ಖಾನಾವಳಿಗೆ ಕೊಡ್ತೀನಿ, ದಿನಾ 200ರ ಮ್ಯಾಲೆ. ನಾಕು ತಿಂಗಳಾತು, ಬಲಗೈ ರಟ್ಟಿ ನೋವು. ಹಗಲಿ ಹ್ಯಾಂಗೋ ನಡೀತೈತಿ, ರಾತ್ರಿ ಆ ಮಗ್ಗಲ ಮಲಗಾಕ ಆಗೂದಿಲ್ಲ. ಮ್ಯಾಲಿನ ಡಬ್ಬಿ ಇಳಸಾಕ, ಹೆಳಲು ಹಾಕ್ಕೊಳಾಕ ಕೈ ಏಳೂದಿಲ್ಲ. ಎಲ್ಲೂ ಬಿದ್ದಿಲ್ಲ. ಎಂಆರ್‌ಐ ಮಾಡಿಸಿದ್ರ ಸುಪ್ರಾಸ್ಪೈನೇಟಸ್ ಟೆಂಡನ್ ‘ಪಾರ್ಷಿಯಲ್ ಟೇರ್’ ಅಂತ ಬಂದೈತಿ. ಒಬ್ಬ ಡಾಕ್ಟರ್ ಆಪರೇಷನ್ ಅಂದ್ರು, ಇನ್ನೊಬ್ರು ಇಂಜೆಕ್ಷನ್ ಅಂದ್ರು, ಓಣ್ಯಾಗಿನವರು ಕೈ ಜೋಳಿಗ್ಯಾಗ ಹಾಕ್ಕೊಂಡು ಸುಮ್ನ ಕೂಡು ಅಂತಾರ. ಶುಗರ್ ಐತಿ, ಮೂರು ತಿಂಗಳ ಸರಾಸರಿ 8.2. ಆಪರೇಷನ್ ಇಲ್ಲದ ಕಡಿಮಿ ಆಗತೈತೇನ್ರಿ? ರೊಟ್ಟಿ ಬಡಿಯೂದು ಬಿಡಬೇಕೇನ್ರಿ? ಸಂಕ್ರಾಂತಿಗೆ ಸಜ್ಜಿ ರೊಟ್ಟಿ ಆರ್ಡರ್ ಭಾಳ ಇರ್ತಾವ.

ಉತ್ತರ: ನೀವು ಬರೆದ ಲಕ್ಷಣ ನೋಡಿದರೆ ಆಪರೇಷನ್ನಿಗೆ ಅವಸರವಿಲ್ಲ. ಪೆಟ್ಟು ಬೀಳದೆ ನಿಧಾನವಾಗಿ ಶುರುವಾದ, ಪೂರ್ತಿ ಹರಿಯದ ಟೆಂಡನ್ನಿಗೆ (ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ನಾರಿನ ಪಟ್ಟಿಗೆ) ಮೊದಲ ಚಿಕಿತ್ಸೆ ವ್ಯಾಯಾಮ. ಅದೂ ಎಂಟು ದಿನ ಮಾಡಿ ಬಿಡುವುದಲ್ಲ, ಕಡಿಮೆ ಎಂದರೂ 12 ವಾರ ಬೇಕು. ರೊಟ್ಟಿ ಬಿಡುವುದು ಬೇಡ. ಕೆಲವು ವಾರ ಸಂಖ್ಯೆ ಇಳಿಸಿ, ಮಾಡುವ ರೀತಿ ಬದಲಿಸಿದರೆ ಸಾಕು. ನಿಮಗೆ ಸಿಕ್ಕ ಮೂರು ಸಲಹೆಗಳಲ್ಲಿ ಅತಿ ಕೆಟ್ಟದ್ದು ಜೋಳಿಗೆಯದು. ಶುಗರ್ ಇರುವವರು ಮೂರ್ನಾಲ್ಕು ವಾರ ಕೈ ಕಟ್ಟಿಕೊಂಡು ಕೂತರೆ ಭುಜ ಬಿಗಿದುಕೊಳ್ಳುತ್ತದೆ. ಆಮೇಲೆ ಒಂದು ರೋಗದ ಜಾಗದಲ್ಲಿ ಎರಡು ಆಗುತ್ತವೆ.

ಹರಿದದ್ದು ಏನು

ರಟ್ಟೆ ಎಲುಬಿನ ಮೇಲ್ತುದಿ ಗುಂಡಗಿದೆ, ಅದು ಕೂರುವ ಕುಳಿ ಬಹಳ ಚಿಕ್ಕದು ಮತ್ತು ಆಳವಿಲ್ಲದ್ದು. ಕೈ ಎತ್ತುವಾಗ ಆ ಗುಂಡು ಕುಳಿಯಿಂದ ಮೇಲಕ್ಕೆ ಜಾರದಂತೆ ಒತ್ತಿ ಹಿಡಿಯಲು ನಾಲ್ಕು ಸ್ನಾಯುಗಳಿವೆ. ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲಾರಿಸ್. ಇವುಗಳ ಟೆಂಡನ್ನುಗಳು ಒಂದಕ್ಕೊಂದು ಬೆಸೆದುಕೊಂಡು ಎಲುಬಿನ ತಲೆಯನ್ನು ತಬ್ಬಿರುತ್ತವೆ. ಇದಕ್ಕೇ ರೊಟೇಟರ್ ಕಫ್ ಎನ್ನುವುದು. ಸುಪ್ರಾಸ್ಪೈನೇಟಸ್ಸಿನ ಟೆಂಡನ್ ಹೆಗಲ ತುದಿಯ ಎಲುಬಿನ ಕೆಳಗೆ ಹಾಯ್ದು ಹೋಗುತ್ತದೆ. ಎಲುಬಿಗೆ ಅಂಟುವ ಜಾಗದಲ್ಲಿ ಅದಕ್ಕೆ ರಕ್ತ ಪೂರೈಕೆ ಕಡಿಮೆ. ಐವತ್ತರ ನಂತರ ಅಲ್ಲಿನ ಎಳೆಗಳು ಒಂದೊಂದಾಗಿ ಸವೆಯುತ್ತವೆ. ಶುಗರ್, ಬೀಡಿ-ಸಿಗರೇಟು ಎರಡೂ ಇದಕ್ಕೆ ಕೈ ಜೋಡಿಸುತ್ತವೆ.

‘ಪಾರ್ಷಿಯಲ್’ ಎಂದರೆ ಸರಿಯಾಗಿ ಅರ್ಧ ಎಂದಲ್ಲ, ಆರಪಾರ ಹರಿದಿಲ್ಲ ಎಂದಷ್ಟೇ. ಬಾವಿಯ ಹಗ್ಗದಲ್ಲಿ ಕೆಲವು ಎಳೆ ಸವೆದು ಉಳಿದವು ಭಾರ ಹೊತ್ತಿರುವ ಹಾಗೆ. ನಿಮ್ಮ ವರದಿಯಲ್ಲಿ ಟೆಂಡನ್ನಿನ ದಪ್ಪದ ಶೇಕಡಾ 50ಕ್ಕಿಂತ ಕಡಿಮೆಯೋ ಹೆಚ್ಚೋ ಎಂದು ಬರೆದಿರಬಹುದು, ಅದನ್ನು ಡಾಕ್ಟರಿಂದ ಓದಿಸಿ ತಿಳಿದುಕೊಳ್ಳಿ. ‘ಫುಲ್ ಥಿಕ್‌ನೆಸ್’, ‘ರಿಟ್ರ್ಯಾಕ್ಷನ್’, ‘ಫ್ಯಾಟಿ’ ಎಂಬ ಮಾತು ಎಲ್ಲಾದರೂ ಇದೆಯೇ ಎಂದೂ ಕೇಳಿ. ಮೊದಲನೆಯದು ಆರಪಾರ ಹರಿದಿದೆ ಎಂದು, ಎರಡನೆಯದು ಹರಿದ ತುದಿ ಹಿಂದಕ್ಕೆ ಸರಿದಿದೆ ಎಂದು, ಮೂರನೆಯದು ಸ್ನಾಯುವಿನ ಜಾಗದಲ್ಲಿ ಕೊಬ್ಬು ತುಂಬುತ್ತಿದೆ ಎಂದು. ಕೊನೆಯದು ಒಮ್ಮೆ ಆದರೆ ಹೆಚ್ಚುಕಡಿಮೆ ಹಿಂದಿರುಗುವುದಿಲ್ಲ. ಇವು ಮೂರೂ ಇಲ್ಲದಿದ್ದರೆ ನಿಶ್ಚಿಂತೆಯಿಂದ ವ್ಯಾಯಾಮ ಶುರು ಮಾಡಬಹುದು.

ವರದಿಯಲ್ಲಿ ‘ಟೇರ್’ ಎಂದು ಓದಿದ ಕ್ಷಣ ಎದೆ ಧಸಕ್ಕೆನ್ನುವುದು ಸಹಜ. ಆದರೆ ಹರಿದದ್ದಕ್ಕೂ ನೋವಿಗೂ ನೇರ ಲೆಕ್ಕವಿಲ್ಲ. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಭುಜದಲ್ಲಿ ಯಾವ ನೋವೂ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿದರು. ಶೇ. 34ರಷ್ಟು ಮಂದಿಯಲ್ಲಿ ಕಫ್ ಹರಿದಿತ್ತು, 60 ದಾಟಿದವರಲ್ಲಿ ಶೇ. 54ರಷ್ಟು ಮಂದಿಯಲ್ಲಿ. ಅವರೆಲ್ಲ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದವರು. ನಿಮ್ಮ ಎಡ ಭುಜಕ್ಕೂ ಎಂಆರ್‌ಐ ಮಾಡಿಸಿದರೆ ಅಲ್ಲೂ ಏನಾದರೂ ಕಾಣಿಸಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಚಿಕಿತ್ಸೆ ಕೊಡಬೇಕಾದದ್ದು ಕಾಗದದ ಮೇಲಿನ ಅಕ್ಷರಕ್ಕಲ್ಲ, ತೋಳಿನ ಬಲಕ್ಕೆ, ಚಲನೆಗೆ, ನಿದ್ದೆಗೆ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನೂ ಹೇಳಬೇಕು: ವ್ಯಾಯಾಮದಿಂದ ಹರಿದ ಎಳೆ ಸಾಮಾನ್ಯವಾಗಿ ಮರಳಿ ಕೂಡುವುದಿಲ್ಲ. ಉಳಿದ ಎಳೆಗಳು ಗಟ್ಟಿಯಾಗುತ್ತವೆ, ಪಕ್ಕದ ಮೂರು ಸ್ನಾಯುಗಳು ಹೆಚ್ಚು ಭಾರ ಹೊರಲು ಕಲಿಯುತ್ತವೆ, ಊತ ಇಳಿಯುತ್ತದೆ. ಆರು ತಿಂಗಳ ನಂತರ ನೋವಿಲ್ಲದೆ ರೊಟ್ಟಿ ಬಡಿಯುತ್ತಿರುವಾಗಲೂ ಎಂಆರ್‌ಐ ಹಾಗೇ ಇರಬಹುದು. ಹಾಗಾಗಿ ‘ಕೂಡಿತೋ ಇಲ್ಲವೋ’ ಎಂದು ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸುವುದು ದುಡ್ಡು ದಂಡ.

ಮೊದಲು ಇದು ಕಫ್ ನೋವೇ ಎಂದು ಖಾತ್ರಿ ಮಾಡಿಕೊಳ್ಳಿ

ಮನೆಯಲ್ಲಿ ಒಬ್ಬರನ್ನು ಜೊತೆಗಿಟ್ಟುಕೊಂಡು ಇಷ್ಟು ನೋಡಿ. ಎರಡೂ ಮೊಣಕೈ ಪಕ್ಕೆಗೆ ಒತ್ತಿ, ತೊಂಬತ್ತು ಡಿಗ್ರಿ ಮಡಚಿ, ಅಂಗೈ ಎದುರುಬದುರಾಗಿ ಹಿಡಿಯಿರಿ. ನೀವು ಸಡಿಲ ಬಿಟ್ಟುಕೊಡಿ, ಅವರು ನಿಮ್ಮ ಮುಂಗೈಗಳನ್ನು ಹೊರಗಡೆ ತಿರುಗಿಸಲಿ. ಎಡಗೈ ಹೋದಷ್ಟೇ ಬಲಗೈಯೂ ಹೋದರೆ ಒಳ್ಳೆಯದು. ಬಲಗೈ ಅರ್ಧಕ್ಕೇ ಗಕ್ಕನೆ ನಿಂತು, ಬೇರೆಯವರು ತಿರುಗಿಸಿದರೂ ಬಾರದಿದ್ದರೆ ಅದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲೇ ಬಿಗಿದುಕೊಳ್ಳುವ ಕಾಯಿಲೆ, ಆಗಿರುವ ಸಾಧ್ಯತೆ ಹೆಚ್ಚು. ಶುಗರ್ ಇರುವವರಲ್ಲಿ ಅದು ಬಹಳ ಸಾಮಾನ್ಯ, ಅದರ ದಾರಿಯೇ ಬೇರೆ. ಅಲ್ಲಿ ಬಲ ತುಂಬುವ ವ್ಯಾಯಾಮಕ್ಕಿಂತ ಮೊದಲು ಬಿಗಿತ ಬಿಡಿಸುವುದು ಬರುತ್ತದೆ. ಎಂಆರ್‌ಐಯಲ್ಲಿ ‘ಟೇರ್’ ಕಂಡ ಮಾತ್ರಕ್ಕೆ ಫ್ರೋಜನ್ ಶೋಲ್ಡರನ್ನು ಮರೆತು ಟೆಂಡನ್ನಿನ ಬೆನ್ನು ಹತ್ತುವುದು ಈ ಕಾಯಿಲೆಯಲ್ಲಿ ಪದೇ ಪದೇ ಆಗುವ ತಪ್ಪು.

ಆಮೇಲೆ ಎಡಗೈ ಸಹಾಯದಿಂದ ಬಲಗೈಯನ್ನು ಪಕ್ಕಕ್ಕೆ ಪೂರ್ತಿ ಮೇಲೆತ್ತಿ, ಎಡಗೈ ಬಿಟ್ಟು ನಿಧಾನವಾಗಿ ಇಳಿಸಿ. ನೋವಾದರೂ ತಡೆದು ಇಳಿಸಲು ಬಂದರೆ ಸರಿ. ಕೈ ನಡುವೆ ಧೊಪ್ಪನೆ ಬಿದ್ದರೆ ಆರಪಾರ ಹರಿದಿರುವ ಸಂಶಯ. ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಒತ್ತಿ. ಮೊಣಕೈ ಹಿಂದಕ್ಕೆ ಸರಿಯದೆ ಒತ್ತಲು ಬಾರದಿದ್ದರೆ ಮುಂದಿನ ಸ್ನಾಯುವಿಗೂ ಪೆಟ್ಟಾಗಿದೆ. ಇವೆರಡರಲ್ಲಿ ಯಾವುದಾದರೂ ಕೈಕೊಟ್ಟರೆ ವ್ಯಾಯಾಮ ಶುರು ಮಾಡುವ ಮೊದಲು ಎಲುಬು-ಕೀಲು ತಜ್ಞರಿಗೆ ತೋರಿಸಿ.

ಕಫ್ ನೋವು ರಟ್ಟೆಯ ಹೊರಬದಿಗೆ, ಬಳೆ ಏರಿಸಿದರೆ ನಿಲ್ಲುವ ಜಾಗಕ್ಕೆ ಇಳಿಯುತ್ತದೆ, ಮೊಣಕೈ ದಾಟುವುದು ಅಪರೂಪ. ಕೈ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ಹೆಚ್ಚು ಹಿಡಿಯುತ್ತದೆ, ಪೂರ್ತಿ ಮೇಲೆ ಹೋದ ಮೇಲೆ ಕಡಿಮೆಯಾಗುತ್ತದೆ. ಬೆರಳಿನವರೆಗೆ ಜುಮುಜುಮು ಹರಿದರೆ, ಕುತ್ತಿಗೆ ತಿರುಗಿಸಿದಾಗ ಹೆಚ್ಚಾದರೆ ಮೂಲ ಕುತ್ತಿಗೆಯಲ್ಲಿರುತ್ತದೆ. ಜ್ವರ, ಭುಜ ಕೆಂಪಾಗಿ ಬಿಸಿಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಗಂಟು ಕಾಣುವುದು, ಇವು ಯಾವುದಿದ್ದರೂ ಈ ಉತ್ತರ ನಿಮಗಲ್ಲ, ಮೊದಲು ಆಸ್ಪತ್ರೆ. ನಡೆದಾಗ, ಮೆಟ್ಟಿಲು ಏರಿದಾಗ ಭುಜ ಹಿಂಡಿದಂತಾಗಿ ಕೂತರೆ ಕಡಿಮೆಯಾದರೆ ಅದೇ ದಿನ ಇಸಿಜಿ ಮಾಡಿಸಿ. ಶುಗರ್ ಇರುವವರಲ್ಲಿ ಹೃದಯದ ನೋವು ಎದೆಯಲ್ಲೇ ಬರಬೇಕೆಂದಿಲ್ಲ.

ಮೊದಲ ಎರಡು ವಾರ: ನಿದ್ದೆ ಮತ್ತು ನೋವಿನ ಸಿಟ್ಟಿಳಿಸುವುದು

ನಿದ್ದೆ ಸರಿಯಾಗದೆ ಯಾವ ವ್ಯಾಯಾಮವೂ ಹಿಡಿಯುವುದಿಲ್ಲ. ಎಡ ಮಗ್ಗುಲಿಗೆ ಮಲಗಿ, ಎದೆಯ ಮುಂದೆ ದಪ್ಪ ತಲೆದಿಂಬು ಇಟ್ಟು ಬಲಗೈಯನ್ನು ಅದರ ಮೇಲೆ ಹಾಯಿಸಿ, ಕೈ ಎದೆಯ ಮೇಲೆ ಅಡ್ಡ ಬಿದ್ದು ಜಗ್ಗಬಾರದು. ಅಂಗಾತ ಮಲಗುವುದಾದರೆ ಬಲ ಮೊಣಕೈ ಕೆಳಗೆ ಮಡಚಿದ ಚಾದರ ಇಡಿ, ಮೊಣಕೈ ಹಾಸಿಗೆಗೆ ಇಳಿಬೀಳದಿರಲಿ. ಕೈ ತಲೆಯಡಿ ಇಟ್ಟು ಮಲಗುವ ರೂಢಿ ಇದ್ದರೆ ಬಿಡಿ.

ಕಾಯಿಸುವುದೋ ಮಂಜುಗಡ್ಡೆಯೋ ಎಂದು ಬಹಳ ಜನ ಕೇಳುತ್ತಾರೆ. ಯಾವುದು ಹಿತವೋ ಅದು, 10–15 ನಿಮಿಷ. ಶುಗರಿನಿಂದ ಚರ್ಮ ಮರಗಟ್ಟಿದ್ದರೆ ಬಿಸಿ ತಿಳಿಯದೆ ಸುಟ್ಟೀತು, ಎಡಗೈಯಿಂದ ಮುಟ್ಟಿ ನೋಡಿಯೇ ಇಡಿ. ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕಿಸಿಕೊಂಡರೆ ತೊಂದರೆಯಿಲ್ಲ. ಆದರೆ ಕೈ ಹಿಡಿದು ಜಗ್ಗುವವರ, ‘ಎಲುಬು ಕೂಡಿಸುತ್ತೇನೆ’ ಎಂದು ತಿರುವುವವರ ಹತ್ತಿರ ಹೋಗಬೇಡಿ. ಇಲ್ಲಿ ಎಲುಬು ಜಾರಿಲ್ಲ, ಜಗ್ಗಿದರೆ ಉಳಿದ ಎಳೆಯೂ ಹರಿಯಬಹುದು.

ಮಾತ್ರೆಯ ವಿಷಯ ಚುಟುಕಾಗಿ: ಪ್ಯಾರಸಿಟಮಾಲ್ 650 ಮಿಲಿಗ್ರಾಂ ದಿನಕ್ಕೆ ಎರಡು-ಮೂರು ಸಲ, ಲಿವರ್ ಚೆನ್ನಾಗಿದ್ದರೆ, ಕೆಲವು ದಿನ ತೆಗೆದುಕೊಳ್ಳಬಹುದು. ಡೈಕ್ಲೊಫೆನಾಕ್, ಏಸಿಕ್ಲೊಫೆನಾಕ್ ತರಹದವನ್ನು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಮತ್ತು ಬಿಪಿ ನೋಡಿಸದೆ ನುಂಗಬೇಡಿ. ಶುಗರ್ ಇರುವವರ ಕಿಡ್ನಿಗೆ ಅವು ಭಾರ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಎರಡು ದಿನದಲ್ಲಿ ನೋವು ಮಾಯ, ತಿಂಗಳಲ್ಲಿ ಶುಗರ್ 400. ನೋವಿನ ಜೆಲ್ ಹಚ್ಚಿದರೆ ಹಿಟ್ಟಿಗೆ ಕೈ ಹಾಕುವ ಮೊದಲು ಸಾಬೂನಿನಿಂದ ತೊಳೆಯಿರಿ.

ಈ ಹದಿನೈದು ದಿನ ದಿನಕ್ಕೆ ಎರಡು ಹೊತ್ತು ಮಾಡಬೇಕಾದದ್ದು ಮೂರು. ಮೊದಲನೆಯದು ತೂಗಾಟ: ಎಡಗೈ ಕಟ್ಟೆಯ ಮೇಲೂರಿ ಬಾಗಿ, ಬಲಗೈ ಸಡಿಲವಾಗಿ ಇಳಿಬಿಟ್ಟು, ಮೈ ಅಲ್ಲಾಡಿಸಿ ಕೈ ತೂಗುವುದು, ಒಂದೆರಡು ನಿಮಿಷ. ಕೈ ತಾನೇ ಬೀಸಬಾರದು. ಎರಡನೆಯದು ಒರೆಸಾಟ: ಟೇಬಲ್ ಮುಂದೆ ಕೂತು, ಅಂಗೈ ಕೆಳಗೆ ಬಟ್ಟೆ ಇಟ್ಟು, ಮೈ ಬಾಗಿಸುತ್ತ ಕೈಯನ್ನು ಮುಂದೆ ಜಾರಿಸುವುದು, 10 ಸಲ. ಮೂರನೆಯದು ಬಹಳ ಮುಖ್ಯ. ಬಾಗಿಲ ಚೌಕಟ್ಟಿನ ಪಕ್ಕ ನಿಂತು, ಮೊಣಕೈ ಮಡಚಿ, ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಟವೆಲ್ ಸಿಕ್ಕಿಸಿಕೊಳ್ಳಿ. ಅಂಗೈಯ ಹಿಂಬದಿಯಿಂದ ಚೌಕಟ್ಟನ್ನು ಹೊರಕ್ಕೆ ತಳ್ಳಿ. ಕೈ ಅಲುಗುವುದಿಲ್ಲ, ಸ್ನಾಯು ಮಾತ್ರ ಬಿಗಿಯುತ್ತದೆ. ಪೂರ್ತಿ ಶಕ್ತಿಯಲ್ಲಿ ಮೂರನೇ ಒಂದು ಪಾಲು ಸಾಕು. 10 ಸೆಕೆಂಡು ಹಿಡಿದು ಬಿಡಿ, ಐದು ಸಲ. ಹಾಗೇ ತಿರುಗಿ ನಿಂತು ಅಂಗೈಯಿಂದ ಒಳಕ್ಕೆ ತಳ್ಳಿ, ಗೋಡೆಗೆ ಬೆನ್ನು ಕೊಟ್ಟು ಮೊಣಕೈಯಿಂದ ಹಿಂದಕ್ಕೆ ತಳ್ಳಿ. ನೋವು ಹೆಚ್ಚಿದ್ದಾಗಲೂ ಇದನ್ನು ಮಾಡಬಹುದು, ಹಲವರಿಗೆ ಮಾಡಿದ ಕೂಡಲೇ ನೋವು ಸ್ವಲ್ಪ ತಗ್ಗುತ್ತದೆ.

ಮೂರನೇ ವಾರದಿಂದ: ಬಲ

ಇಲ್ಲಿಂದ ಒಂದು ರಬ್ಬರ್ ಪಟ್ಟಿ ಬೇಕು. ಮೆಡಿಕಲ್ ಅಂಗಡಿಯ ವ್ಯಾಯಾಮದ ಪಟ್ಟಿಯಲ್ಲಿ ಅತಿ ಮೆತ್ತಗಿನದು ತೆಗೆದುಕೊಳ್ಳಿ. ಸಿಗದಿದ್ದರೆ ಸೈಕಲ್ಲಿನ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಎರಡು ಬೆರಳಗಲದ ಪಟ್ಟಿ ಮಾಡಿ. ಇಡೀ ಟ್ಯೂಬ್ ಕಟ್ಟಿದರೆ ಬಹಳ ಬಿಗಿಯಾಗುತ್ತದೆ, ಸೀಳಲೇಬೇಕು. ಕಿಟಕಿಯ ಸರಳಿಗೆ ಹೊಕ್ಕಳ ಮಟ್ಟದಲ್ಲಿ ಗಂಟು ಹಾಕಿ.

ಕಿಟಕಿ ನಿಮ್ಮ ಎಡಕ್ಕೆ ಬರುವಂತೆ ನಿಲ್ಲಿ. ಬಲ ಮೊಣಕೈ ಪಕ್ಕೆಗೆ, ನಡುವೆ ಟವೆಲ್, ಮುಷ್ಟಿ ಹೊಟ್ಟೆಯ ಮುಂದೆ. ಪಟ್ಟಿಯನ್ನು ಬಾಗಿಲು ತೆಗೆಯುವಂತೆ ಹೊರಗೆ ಎಳೆಯಿರಿ, ಮೂರು ಎಣಿಸುವಷ್ಟು ಹೊತ್ತು ಹೊರಗೆ, ಮೂರು ಎಣಿಸುವಷ್ಟು ಹೊತ್ತು ವಾಪಸ್. ವಾಪಸ್ ಬರುವಾಗ ಪಟ್ಟಿ ನಿಮ್ಮನ್ನು ಎಳೆದೊಯ್ಯಬಾರದು, ನೀವು ಅದನ್ನು ಬಿಟ್ಟುಕೊಡಬೇಕು; ಟೆಂಡನ್ ಗಟ್ಟಿಯಾಗುವುದರಲ್ಲಿ ಅರ್ಧ ಕೆಲಸ ಈ ಇಳಿತದ್ದೇ. ಹತ್ತು ಸಲ, ಒಂದು ನಿಮಿಷ ಬಿಡುವು, ಹೀಗೆ ಮೂರು ಸುತ್ತು. ಕಿಟಕಿ ಬಲಕ್ಕೆ ಬರುವಂತೆ ತಿರುಗಿ ನಿಂತು ಒಳಕ್ಕೆ ಎಳೆಯುವುದು ಮೂರು ಸುತ್ತು. ಕಿಟಕಿಗೆ ಮುಖ ಮಾಡಿ ಎರಡೂ ಕೈಯಿಂದ ಮೊಣಕೈ ಹಿಂದಕ್ಕೆ ಒಯ್ದು ಬೆನ್ನಿನ ಎರಡೂ ಹಲಗೆ ಎಲುಬು ಹತ್ತಿರ ತರುವುದು ಮೂರು ಸುತ್ತು. ಬಲ ತುಂಬುವ ಕೆಲಸ ದಿನ ಬಿಟ್ಟು ದಿನ. ದಿನಾ ಮಾಡಿದರೆ ಬೇಗ ವಾಸಿ ಎಂದುಕೊಳ್ಳಬೇಡಿ, ಟೆಂಡನ್ನಿಗೆ ನಡುವೆ ಒಂದು ದಿನದ ಪುರುಸೊತ್ತು ಬೇಕು.

ಎಡ ಮಗ್ಗುಲಿಗೆ ಮಲಗಿ ಮಾಡುವ ಇನ್ನೊಂದಿದೆ: ಬಲ ಮೊಣಕೈ ಪಕ್ಕೆಯ ಮೇಲೆ ಟವೆಲ್ಲಿಗೆ ಒರಗಿಸಿ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮುಂಗೈ ಮಾತ್ರ ಮೇಲೆತ್ತಿ ಇಳಿಸುವುದು. ಅರ್ಧ ಲೀಟರ್ ನೀರು ಎಂದರೆ ಅರ್ಧ ಕಿಲೋ, ತಕ್ಕಡಿ ಬೇಡ. ಭಾರವೆನಿಸಿದರೆ ನೀರು ಅರ್ಧ ಚೆಲ್ಲಿ.

ಏಳನೇ ವಾರದ ಹೊತ್ತಿಗೆ ಕೈ ಎತ್ತುವ ವ್ಯಾಯಾಮ ಸೇರಿಸಿ. ಹೆಬ್ಬೆರಳು ಮೇಲ್ಮುಖವಾಗಿರಲಿ. ಕೈಯನ್ನು ನೇರ ಪಕ್ಕಕ್ಕಲ್ಲ, ಅದಕ್ಕಿಂತ 30 ಡಿಗ್ರಿ ಮುಂದಕ್ಕೆ ತಂದು, ಭುಜದ ಮಟ್ಟದವರೆಗೆ ಮಾತ್ರ ಎತ್ತಿ. ಮೊದಲು ಬರಿಗೈ, ಆಮೇಲೆ ಅರ್ಧ ಲೀಟರ್, ಕೊನೆಗೆ ಒಂದು ಲೀಟರ್. ಹೆಬ್ಬೆರಳು ಕೆಳಗೆ ತಿರುಗಿಸಿ ಎತ್ತುವುದು ಡಾಕ್ಟರ್ ಪರೀಕ್ಷೆಗೆ ಬಳಸುವ ಭಂಗಿ, ಅದನ್ನೇ ವ್ಯಾಯಾಮ ಮಾಡಿಕೊಂಡರೆ ಟೆಂಡನ್ ಕೆರಳುತ್ತದೆ. ಜೊತೆಗೆ ಗೋಡೆಗೆ ಕೈಯೂರಿ ದಂಡ ಹೊಡೆದಂತೆ ಬಾಗಿ ಏಳುವುದು, 10ರಿಂದ 15 ಸಲ.

ನೋವಿನ ಲೆಕ್ಕ ಹೀಗೆ: ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಮಾಡುವಾಗ ನಾಲ್ಕರವರೆಗೆ ಬಂದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಅದು ವ್ಯಾಯಾಮಕ್ಕೆ ಮೊದಲಿದ್ದ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ, ರಾತ್ರಿ ನಿದ್ದೆ ಕೆಟ್ಟರೆ, ಭಾರ ಅಥವಾ ಸಂಖ್ಯೆ ಅರ್ಧಕ್ಕೆ ತನ್ನಿ. ನಿಲ್ಲಿಸಬೇಡಿ. ನೋವು ಬಂತೆಂದು ವಾರ ಬಿಟ್ಟು ಮತ್ತೆ ಮೊದಲಿಂದ ಶುರು ಮಾಡುವವರೇ ಆರು ತಿಂಗಳಾದರೂ ಇದ್ದಲ್ಲೇ ಇರುತ್ತಾರೆ.

ಕೆಡುವುದು ಎಲ್ಲಿ? ಮೊದಲನೆಯದು, ಎಳೆಯುವಾಗ ಹೆಗಲು ಕಿವಿಯ ಕಡೆ ಏರುವುದು. ಕನ್ನಡಿ ಮುಂದೆ ನಿಂತರೆ ತಿಳಿಯುತ್ತದೆ. ಹೆಗಲು ಏರಿತೆಂದರೆ ಕಫ್ ಸುಮ್ಮನಿದೆ, ಕುತ್ತಿಗೆಯ ಸ್ನಾಯು ದುಡಿಯುತ್ತಿದೆ ಎಂದರ್ಥ. ಪಟ್ಟಿ ಬಿಗಿಯಾಗಿದ್ದರೆ ಹೀಗಾಗುತ್ತದೆ, ಇನ್ನೂ ಸಣ್ಣಗೆ ಸೀಳಿ. ಎರಡನೆಯದು, ಟವೆಲ್ ಬೀಳುವುದು. ಮೊಣಕೈ ಮೈ ಬಿಟ್ಟು ಹೋದರೆ ಟವೆಲ್ ಬೀಳುತ್ತದೆ, ಆ ಸಲದ್ದು ಲೆಕ್ಕಕ್ಕಿಲ್ಲ. ಇನ್ನು, ಕುಪ್ಪಸದ ಗುಂಡಿ ಹಿಂದೆ ಹಾಕುವಂತೆ ಬೆನ್ನ ಹಿಂದೆ ಕೈ ಒಯ್ದು ಟವೆಲ್ಲಿನಿಂದ ಮೇಲೆ ಜಗ್ಗುವ ವ್ಯಾಯಾಮವನ್ನು ಮೊಬೈಲಿನಲ್ಲಿ ನೋಡಿ ಮೊದಲ ದಿನದಿಂದಲೇ ಮಾಡುವವರಿದ್ದಾರೆ. ಅದು ಸವೆದ ಜಾಗವನ್ನೇ ತಿರುವುತ್ತದೆ, ಎರಡು ತಿಂಗಳವರೆಗೆ ಬೇಡ.

ಇದಕ್ಕಾಗಿ ವಾರಕ್ಕೆ ಮೂರು ಸಲ ಬಸ್ ಹತ್ತಿ ವಿಜಯಪುರಕ್ಕೋ ಬಾಗಲಕೋಟೆಗೋ ಹೋಗಬೇಕಾಗಿಲ್ಲ. ಬ್ರಿಟನ್ನಿನಲ್ಲಿ 708 ಕಫ್ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಗ್ರಾಸ್ಪ್ ಅಧ್ಯಯನದಲ್ಲಿ, ಫಿಸಿಯೋಥೆರಪಿಸ್ಟ್ ಒಂದೇ ಸಲ ಚೆನ್ನಾಗಿ ಕಲಿಸಿ ಮನೆಗೆ ಕಳಿಸಿದವರೂ ಆರು ಸಲದವರೆಗೆ ಬಂದು ಮಾಡಿದವರೂ ವರ್ಷದ ಕೊನೆಗೆ ಸಮಸಮ ಇದ್ದರು. ಹಾಗಾಗಿ ಒಮ್ಮೆ ಹೋಗಿ, ಮೇಲಿನವನ್ನು ಅವರ ಕಣ್ಣೆದುರು ಮಾಡಿ ತೋರಿಸಿ, ತಿದ್ದಿಸಿಕೊಂಡು ಬನ್ನಿ. ಆರನೇ ವಾರಕ್ಕೆ ಮತ್ತೊಮ್ಮೆ ಹೋದರೆ ಸಾಕು. ಹತ್ತು ದಿನ ಕರೆಂಟು, ಅಲ್ಟ್ರಾಸೌಂಡ್ ಮಶೀನು ಹಿಡಿಸಿ ವ್ಯಾಯಾಮ ಕಲಿಸದೆ ಕಳಿಸುವ ಕಡೆ ದುಡ್ಡು ಹಾಕಬೇಡಿ. ಆ ಮಶೀನುಗಳಿಂದ ಸಿಗುವ ಲಾಭ ಬಹಳ ಕಡಿಮೆ. ಬಸ್ಸಿನಲ್ಲಿ ಹೋಗುವಾಗಲೂ ಮೇಲಿನ ಸರಳನ್ನು ಬಲಗೈಯಿಂದ ಹಿಡಿದು ಜೋತಾಡಬೇಡಿ. ಡ್ರೈವರ್ ಬ್ರೇಕ್ ಹಾಕಿದಾಗ ಇಡೀ ಮೈಭಾರ ಆ ಟೆಂಡನ್ನಿನ ಮೇಲೆ ಬೀಳುತ್ತದೆ.

ಇಂಜೆಕ್ಷನ್, ಆಪರೇಷನ್

ಇಂಜೆಕ್ಷನ್ ಎಂದರೆ ಸಾಮಾನ್ಯವಾಗಿ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್ ಅಥವಾ ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು ಮರಗಟ್ಟಿಸುವ ಔಷಧಿಯ ಜೊತೆ ಹೆಗಲ ತುದಿಯ ಎಲುಬಿನ ಕೆಳಗಿನ ಚೀಲಕ್ಕೆ ಬಿಡುವುದು. ಟೆಂಡನ್ನಿನ ಒಳಕ್ಕಲ್ಲ. ಊತ ಇಳಿದು ಕೆಲವು ವಾರ ನೋವು ತಗ್ಗುತ್ತದೆ, ವರ್ಷದ ಲೆಕ್ಕದಲ್ಲಿ ಅದರಿಂದ ಹೆಚ್ಚಿನ ಲಾಭ ಕಾಣುವುದಿಲ್ಲ. ಹಾಗಾದರೆ ಯಾರಿಗೆ? ನೋವಿನಿಂದ ನಿದ್ದೆಯೇ ಇಲ್ಲ, ವ್ಯಾಯಾಮ ಶುರು ಮಾಡಲೂ ಆಗುತ್ತಿಲ್ಲ ಎನ್ನುವವರಿಗೆ ಒಂದು ಕಿಟಕಿ ತೆರೆದುಕೊಡಲು. ನೋವು ಹೋಯಿತೆಂದು ವ್ಯಾಯಾಮ ಮಾಡದೆ ಮರುದಿನವೇ ಪೂರ್ತಿ ರೊಟ್ಟಿಗೆ ಕೂತರೆ ಅದು ದಂಡ. ಪದೇ ಪದೇ ಹಾಕಿಸಿಕೊಂಡರೆ ಟೆಂಡನ್ ಮೆತ್ತಗಾಗುತ್ತದೆ. ಒಂದಕ್ಕೆ ಗುಣ ಕಾಣದಿದ್ದರೆ ಎರಡನೆಯದರಿಂದಲೂ ಹೆಚ್ಚೇನೂ ನಿರೀಕ್ಷಿಸಬೇಡಿ, ವರ್ಷಕ್ಕೆ ಎರಡು-ಮೂರರ ಮೇಲೆ ಬೇಡವೇ ಬೇಡ.

ಶುಗರ್ ಏರುವುದು ನಿಜ. ಮೊದಲ ಕೆಲವು ದಿನ, ಕೆಲವರಿಗೆ ವಾರದವರೆಗೂ ಏರಿರುತ್ತದೆ. ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 8.2 ಇರುವ ನೀವು ಹಾಕಿಸಿಕೊಳ್ಳುವುದಾದರೆ ಶುಗರ್ ನೋಡುವ ಡಾಕ್ಟರಿಗೆ ಮೊದಲೇ ಹೇಳಿ, ಒಂದು ವಾರ ದಿನಕ್ಕೆರಡು ಸಲ ಪರೀಕ್ಷಿಸಿ, ಮಾತ್ರೆ ಅಥವಾ ಇನ್ಸುಲಿನ್ ನೀವಾಗಿಯೇ ಏರಿಳಿಸಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ನಾಲ್ಕು ವಾರ ಇಂಜೆಕ್ಷನ್ ಇಲ್ಲದೆ ನೋಡಿ, ಆ ನಾಲ್ಕು ವಾರದಲ್ಲಿ ಶುಗರನ್ನೂ ಇಳಿಸಿ. ಅದರಿಂದ ಎರಡು ಲಾಭ: ಟೆಂಡನ್ನಿಗೂ ಒಳ್ಳೆಯದು, ಮುಂದೆ ಆಪರೇಷನ್ನೇ ಬೇಕಾದರೂ ಸೋಂಕಿನ ಭಯ ಕಡಿಮೆ. ಸ್ವಂತ ರಕ್ತದಿಂದ ತೆಗೆದ ಪಿಆರ್‌ಪಿ ಇಂಜೆಕ್ಷನ್ ಬಗ್ಗೆಯೂ ಈಗ ಜಾಹೀರಾತು ಜೋರು. ಫಲಿತಾಂಶ ಒಂದೊಂದು ಅಧ್ಯಯನದಲ್ಲಿ ಒಂದೊಂದು ಥರ ಬಂದಿರುವುದರಿಂದ ಸಾಲ ಮಾಡಿ ಹಾಕಿಸಿಕೊಳ್ಳುವಂಥದ್ದಲ್ಲ.

ಆಪರೇಷನ್ ಎಂದಾಗ ಯಾವುದು ಎಂದು ಕೇಳಿ. ಹೆಗಲ ತುದಿಯ ಎಲುಬನ್ನು ಒಳಗಿನಿಂದ ಕೆರೆದು ಜಾಗ ಮಾಡುವುದು ಒಂದು ಬಗೆ. ಬ್ರಿಟನ್ನಿನಲ್ಲಿ 313 ಜನರ ಮೇಲೆ ನಡೆದು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಎಲುಬು ಕೆರೆದವರಿಗೂ, ದುರ್ಬೀನು ಹಾಕಿ ಏನೂ ಕೆರೆಯದೆ ಹೊಲಿದವರಿಗೂ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆರಪಾರ ಹರಿಯದ ನಿಮ್ಮಂಥವರಿಗೆ ಸೂಚಿಸಿದ್ದು ಇದೇ ಆಪರೇಷನ್ ಆಗಿದ್ದರೆ ನಯವಾಗಿ ಬೇಡವೆನ್ನಿ. ಇನ್ನೊಂದು ಬಗೆ ಹರಿದದ್ದನ್ನು ಎಲುಬಿಗೆ ಹೊಲಿಯುವುದು. ಅದು ಬೇಕಾಗುವವರೂ ಇದ್ದಾರೆ: ಬೈಕಿನಿಂದಲೋ ಮಾಳಿಗೆಯಿಂದಲೋ ಬಿದ್ದು ಅಂದಿನಿಂದ ಕೈ ಎತ್ತಲಾಗದವರು ವ್ಯಾಯಾಮ ಮಾಡುತ್ತ ಕೂರದೆ ಮೊದಲ ಕೆಲವು ವಾರದಲ್ಲೇ ತೋರಿಸಬೇಕು. ತಡವಾದಷ್ಟೂ ತುದಿ ಹಿಂದಕ್ಕೆ ಸರಿದು ಹೊಲಿಗೆ ಹಿಡಿಯುವುದು ಕಷ್ಟ. ಆದರೆ ಪೆಟ್ಟಿಲ್ಲದೆ ಆರಪಾರ ಹರಿದಿದ್ದ 452 ಜನರನ್ನು ಅಮೆರಿಕದಲ್ಲಿ ವ್ಯಾಯಾಮಕ್ಕೆ ಹಚ್ಚಿ ನೋಡಿದಾಗ ಎರಡು ವರ್ಷದಲ್ಲಿ ಆಪರೇಷನ್ ಮಾಡಿಸಿಕೊಂಡವರು ನಾಲ್ಕನೇ ಒಂದು ಪಾಲಿಗಿಂತ ಕಡಿಮೆ. ನಿಮ್ಮದು ಆರಪಾರವೂ ಅಲ್ಲ. ಹೊಲಿಸಿಕೊಂಡರೆ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ, ಭಾರದ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು, ಅಷ್ಟು ದಿನ ಖಾನಾವಳಿಗೆ ರೊಟ್ಟಿ ಇಲ್ಲ. ಈ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ.

12 ವಾರ ನಿಯಮದಿಂದ ಮಾಡಿಯೂ ರಾತ್ರಿ ನೋವು ಹಾಗೇ ಇದ್ದರೆ, ಅಥವಾ ನೋವು ಕಡಿಮೆಯಾಗಿ ಬಲವೂ ಕಡಿಮೆಯಾಗುತ್ತ ಬಂದರೆ, ಮತ್ತೆ ತಜ್ಞರನ್ನು ನೋಡಿ. ಎರಡನೆಯದು ಜನ ಗಮನಿಸದ ಲಕ್ಷಣ. ನೋವಿಲ್ಲವೆಂದು ಸುಮ್ಮನಿರುತ್ತಾರೆ, ಅಷ್ಟರಲ್ಲಿ ಹರಿದದ್ದು ಹಿಗ್ಗಿರುತ್ತದೆ. ಆಗ ಮತ್ತೊಂದು ಎಂಆರ್‌ಐ ಬೇಕೆಂದಿಲ್ಲ, ಭುಜದ ಅಲ್ಟ್ರಾಸೌಂಡ್ ಸ್ಕ್ಯಾನ್ ಅನುಭವಸ್ಥರು ಮಾಡಿದರೆ ಸಾಕಾಗುತ್ತದೆ, ಖರ್ಚೂ ಕಡಿಮೆ.

ರೊಟ್ಟಿ

ನಿಮ್ಮ ಕೆಲಸದಲ್ಲಿ ಟೆಂಡನ್ನಿಗೆ ಶತ್ರು ರೊಟ್ಟಿ ಬಡಿಯುವುದೇ ಅಲ್ಲ. ಬಡಿಯುವಾಗ ಕೈ ಎದೆಯ ಕೆಳಗೇ ಇರುತ್ತದೆ. ತೊಂದರೆ ಅದರ ಹಿಂದುಮುಂದಿನದು: ಮೇಲಿನ ಹಲಗೆಯಿಂದ ಹತ್ತು ಕಿಲೋ ಹಿಟ್ಟಿನ ಡಬ್ಬಿ ಇಳಿಸುವುದು, ಕೊಡ ಎತ್ತಿ ಸೊಂಟಕ್ಕೇರಿಸುವುದು, ಎತ್ತರದ ತಂತಿಗೆ ಒದ್ದೆ ಸೀರೆ ಹಾಕುವುದು, ಕೂತಲ್ಲಿಂದ ಕೈ ಪೂರ್ತಿ ಚಾಚಿ ದೂರದ ಹಂಚಿಗೆ ರೊಟ್ಟಿ ಹಾಕುವುದು. ಹಿಟ್ಟಿನ ಡಬ್ಬಿ ಇವತ್ತೇ ಸೊಂಟದ ಮಟ್ಟಕ್ಕೆ ಇಳಿಸಿ, ತಂತಿ ಎದೆ ಮಟ್ಟಕ್ಕೆ ತನ್ನಿ, ಹಂಚು ಮತ್ತು ಬಡಿಯುವ ಕಲ್ಲು ಒಂದೇ ಗೇಣಿನ ಅಂತರದಲ್ಲಿರಲಿ.

ನಿಂತು ಮಾಡುವವರ ಕಟ್ಟೆ ಎತ್ತರವಾಗಿದ್ದರೆ ಬಡಿಯುವಾಗ ಮೊಣಕೈ ರೆಕ್ಕೆಯಂತೆ ಹೊರಗೇಳುತ್ತದೆ, 200 ಸಲ ಹಾಗಾದರೆ ಸಂಜೆಗೆ ರಟ್ಟೆ ಹಿಡಿಯಲೇಬೇಕು. ಕಟ್ಟೆ ನಿಮ್ಮ ಮೊಣಕೈಗಿಂತ ಒಂದು ಅಂಗೈ ಅಗಲದಷ್ಟು ಕೆಳಗಿರಬೇಕು. ಕಟ್ಟೆ ಒಡೆಸುವುದು ಬೇಡ, ಕಾಲ ಕೆಳಗೆ ಗಟ್ಟಿ ಮಣೆ ಹಾಕಿಕೊಳ್ಳಿ. ಕೂತು ಮಾಡುವವರು ಚಿಕ್ಕ ಮಣೆಯ ಮೇಲೆ ಕೂತು ಎತ್ತರವಾದರೂ ಇದೇ ಫಲ.

ನಾದುವುದು ಬಡಿಯುವುದಕ್ಕಿಂತ ಭಾರ. ಜೋಳದಲ್ಲಿ ಗೋಧಿಯ ಜಿಗಟು ಇಲ್ಲ, ಕುದಿಯುವ ನೀರಿನಲ್ಲಿ ಹಿಟ್ಟಿನ ಗಂಜಿ ಅಂಟಾದ ಮೇಲೇ ಅದು ಕೂಡುತ್ತದೆ. ನೀರು ಉಗುರುಬೆಚ್ಚಗಿದ್ದರೆ, ಹಿಟ್ಟು ಬೀಸಿ ಬಹಳ ದಿನವಾಗಿ ಜಿಗಿ ಹೋಗಿದ್ದರೆ, ಆ ಕೊರತೆಯನ್ನು ರಟ್ಟೆ ತುಂಬಬೇಕಾಗುತ್ತದೆ. ಆದ್ದರಿಂದ ಒಂದೇ ಸಲ ತಿಂಗಳಿಗಾಗುವಷ್ಟು ಬೀಸಿಸದೆ ವಾರವಾರ ಬೀಸಿಸಿ. ನೀರು ಕಳಕಳ ಕುದಿಯಲಿ, ಹಿಟ್ಟು ಹತ್ತು ನಿಮಿಷ ಮುಚ್ಚಿಟ್ಟು ಆಮೇಲೆ ನಾದಿ. ಹತ್ತು ರೊಟ್ಟಿಗಾಗುವಷ್ಟೇ ತೆಗೆದುಕೊಂಡು, ಕೈ ನೇರ ಇಟ್ಟು ಮೈಭಾರದಿಂದ ಒತ್ತಿ, ಭುಜದಿಂದ ತಿಕ್ಕಬೇಡಿ.

ಮೊದಲ ಎರಡು ವಾರ ದಿನಕ್ಕೆ 80ರಿಂದ 100 ರೊಟ್ಟಿ, 25ಕ್ಕೊಮ್ಮೆ ಐದು ನಿಮಿಷ ಎದ್ದು ಓಡಾಡಿ. ನಾದುವುದನ್ನು ಆದಷ್ಟು ಮನೆಯಲ್ಲಿ ಬೇರೆಯವರು ಮಾಡಲಿ. ಮೂರನೇ ವಾರದಿಂದ ರಾತ್ರಿ ನಿದ್ದೆ ಸರಿಯಿದ್ದರೆ ಮಾತ್ರ ವಾರಕ್ಕೆ 15–20 ರೊಟ್ಟಿಯಂತೆ ಏರಿಸಿ. ಹೀಗೆ ಹೋದರೆ ಎಂಟರಿಂದ ಹತ್ತು ವಾರದಲ್ಲಿ 200ಕ್ಕೆ ಮರಳುತ್ತೀರಿ. ಸಂಕ್ರಾಂತಿಯ ಸಜ್ಜಿ ರೊಟ್ಟಿ ಆರ್ಡರ್ ಒಪ್ಪುವ ಮೊದಲು ಆ ವಾರ ನೀವು ಎಷ್ಟರ ಮೇಲಿದ್ದೀರಿ ಎಂದು ನೋಡಿ, ಅದಕ್ಕಿಂತ 20 ಹೆಚ್ಚಿಗೆ ಮಾತ್ರ ಒಪ್ಪಿಕೊಳ್ಳಿ, ಉಳಿದದ್ದನ್ನು ಓಣಿಯ ಇನ್ನಿಬ್ಬರಿಗೆ ಹಂಚಿ. ಸಜ್ಜಿ ರೊಟ್ಟಿ ಕಟಿಯಾಗಿ ಇಟ್ಟರೂ ಬಾಳುತ್ತದೆ, ಹಬ್ಬದ ಹಿಂದಿನ ರಾತ್ರಿ ಒಂದೇ ಸಲ 400 ಬಡಿಯುವ ಬದಲು ವಾರದ ಮೊದಲಿಂದಲೇ ದಿನಕ್ಕಿಷ್ಟು ಎಂದು ಮಾಡಿ ಒಣಗಿಸಿಡಿ.